ಕಲ್ಲಿನ ಶಾಸನದಿಂದ 80ಜಿ ರಸೀತಿವರ್ಗೂ

ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ನಾವೆಲ್ಲ ಅಜ್ಜೀರ ಬಾಯಲ್ಲಿ ಕೇಳ್ಕಂಡೇ ಬೆಳ್ದೋರು. ಆದ್ರೆ ನಮ್ ಸೀಮೆ ಹಳೇ ಗುಡಿ, ಬಸದಿ ಮುಂದಿನ ಕಲ್ಲುಗಳು ಹೇಳೋದೇ ಬೇರೆ. ಯಾರು ಕೊಟ್ರು, ಯಾರಿಗೆ ಕೊಟ್ರು, ಎಷ್ಟು ಖಂಡುಗ ಬೀಜ ಬೀಳೋ ಗದ್ದೆ, ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಮರ, ಸಾಕ್ಷಿ ಯಾರು, ಎಲ್ಲಾನೂ ಕೊರ್ದವ್ರೆ. ಕೊನೇಲಿ, ಇದನ್ನ ಕಿತ್ಕಂಡೋರಿಗೆ ಎಂಥಾ ಪಾಪ ಸುತ್ಕತದೆ ಅನ್ನೋ ಶಾಪ ಬೇರೆ. ದಾನವನ್ನ ಗುಟ್ಟಾಗಿ ಇಟ್ಕಳೋ ಆಸೆ ಆ ಕಾಲದೋರಿಗೆ ಇರ್ಲೇ ಇಲ್ಲ ಅನ್ಸುತ್ತೆ.

ಬಿ.ಎಲ್. ರೈಸ್ ಸಾಹೇಬ್ರು 1898ರಲ್ಲಿ ಅಚ್ಚು ಹಾಕ್ಸಿದ ಎಪಿಗ್ರಾಫಿಯಾ ಕರ್ನಾಟಿಕಾದ 4ನೇ ಸಂಪುಟದಲ್ಲಿ ಹೆಗ್ಗಡದೇವನಕೋಟೆ, ಹುಣಸೂರು, ಎಡತೊರೆ ಶಾಸನಗಳವೆ. ಎಡತೊರೆ ಅಂದ್ರೆ ಈಗಿನ ನಮ್ಮ ಕೆ.ಆರ್. ನಗರ. ಆ ತಾಲ್ಲೂಕಿನ ಚಿಕ್ಕಹನಸೋಗೆ ಒಂದ್ಕಾಲಕ್ಕೆ ದೊಡ್ಡ ಜೈನ ಕೇಂದ್ರ. ಪಿರಿಯಾಪಟ್ಟಣದ ಕಡೆ ಆಳ್ತಿದ್ದ ಚೆಂಗಾಳ್ವರು ಅಲ್ಲಿಯ ಬಸದಿಗೆ ದತ್ತಿ ಬಿಟ್ಟಿದ್ರು. ಹೆಣ್ಮಕ್ಳೇನೂ ಹಿಂದೆ ಬಿದ್ದಿರ್ಲಿಲ್ಲ ಕಣ್ರವ್ವ. ಪಕ್ಕದ ಕೊಡಗಿನ ಮುಳ್ಳೂರಲ್ಲಿ 11ನೇ ಶತಮಾನದಲ್ಲಿ ಬಸದಿ ಕಟ್ಟಿಸ್ದೋಳು ಕೊಂಗಾಳ್ವ ದೊರೆಯ ತಾಯಿ ಪೋಚಬ್ಬರಸಿ. ಹೊಲದ ಬದೀಲಿ ಲಿಂಗ ಕೆತ್ತಿದ ಕಲ್ಲು ನೋಡಿರ್ತೀರಿ. ಲಿಂಗಮುದ್ರೆ ಕಲ್ಲು ಅಂದ್ರೆ ಶಿವನ ಗುಡಿಗೆ ಬಿಟ್ಟ ನೆಲ, ಮುಕ್ಕೊಡೆ ಕಲ್ಲು ಅಂದ್ರೆ ಬಸದೀದು. ಓದಕ್ಕೆ ಬರ್ದೋರ್ಗೂ ತಿಳೀಲಿ ಅಂತ ಗುರ್ತು.

ಇಷ್ಟೆಲ್ಲ ಕೊರೆಸ್ತಿದ್ದದ್ದು ಬರೀ ಹೆಸರಿಗಲ್ಲ. ಸರ್ವಮಾನ್ಯ ಅಂತ ಬಿಟ್ಟ ನೆಲಕ್ಕೆ ಕಂದಾಯ ಇಲ್ಲ. ನಾಳೆ ಇನ್ನೊಬ್ಬ ಅಧಿಕಾರಿ ಬಂದು ತೆರಿಗೆ ಕೇಳಿದ್ರೆ ತೋರ್ಸಕ್ಕೆ ಕಾಗದ ಬೇಕಲ್ಲ, ಆ ಕಾಗದವೇ ಕಲ್ಲು. ಮೈಸೂರು ಸರ್ಕಾರ 1955ರಲ್ಲಿ ಧಾರ್ಮಿಕ, ಧರ್ಮಾದಾಯ ಇನಾಂಗಳನ್ನ ರದ್ದು ಮಾಡೋ ಕಾಯ್ದೆ ತಂದ್ಮೇಲೆ ಆ ಲೆಕ್ಕ ಮುಗೀತು.

ಅಷ್ಟೊತ್ಗೆ ಇನ್ನೊಂದು ಲೆಕ್ಕ ಶುರುವಾಗಿತ್ತು. ಬ್ರಿಟಿಷರು 1860ರಲ್ಲಿ ವರಮಾನ ತೆರಿಗೆ ತಂದ್ರು. ನಮ್ಮ ಮೈಸೂರು ಸಂಸ್ಥಾನಕ್ಕೆ ತನ್ನದೇ ವರಮಾನ ತೆರಿಗೆ ಕಾಯ್ದೆ ಬಂದದ್ದು 1923ರಲ್ಲಿ. 1950ರಿಂದ ಕೇಂದ್ರದ ಕಾಯ್ದೆಯೇ ನಮಗೂ. ದಾನಕ್ಕೆ ತೆರಿಗೇಲಿ ಬಿಡ್ತಿ ಕೊಡೋ ಕಲಂ ಆ ಹಳೇ ಕಾಯ್ದೇಲಿ 15ಬಿ ಅಂತಿತ್ತು, 1961ರ ಕಾಯ್ದೇಲಿ 88 ಆಯ್ತು, 1968ರ ಏಪ್ರಿಲ್‌ನಿಂದ 80ಜಿ ಅನ್ನಿಸ್ಕಂತು.

ನಮ್ಮ ಚಿಕ್ಕವ್ವ ಮೇಷ್ಟ್ರಮ್ಮ ಆಗಿದ್ದು ರಿಟೈರಾದೋರು. ಪ್ರತಿ ವರ್ಷ ಪಿಂಚಣೀಲಿ ಒಂದಷ್ಟು ಎತ್ತಿಟ್ಟು ಹಾಡಿ ಮಕ್ಕಳ ಹಾಸ್ಟೆಲ್ಲು ನಡೆಸೋ ಒಂದು ಟ್ರಸ್ಟಿಗೆ ಕೊಡ್ತಾರೆ. "ಕೊಟ್ಟಿದ್ದು ನನ್ ದುಡ್ಡು, ಸರ್ಕಾರಕ್ಯಾಕೆ ಒಪ್ಪಿಸ್ಬೇಕು?" ಅಂತಾರೆ. ಒಪ್ಪಿಸ್ಲೇಬೇಕು ಅಂತೇನೂ ಇಲ್ಲ. ಬಿಡ್ತಿ ಬೇಕು ಅಂದ್ರೆ ಮಾತ್ರ ಹೇಳ್ಬೇಕು. ಹೇಳೋದಾದ್ರೆ ಹಳೇ ಕಲ್ಲಿನಂಗೇ ಹೇಳ್ಬೇಕು: ಯಾರಿಗೆ, ಅವರ ವಿಳಾಸ, ಅವರ ಪ್ಯಾನ್ ನಂಬರು, ನಗದೆಷ್ಟು, ಬ್ಯಾಂಕಿಂದ ಎಷ್ಟು. ರಿಟರ್ನಿನಲ್ಲಿ 80ಜಿ ಅನ್ನೋ ಪಟ್ಟೀನೇ ಬೇರೆ ಇರ್ತದೆ. ಶಾಪ ಒಂದಿಲ್ಲ, ದಂಡ ಐತೆ!

ಪಿಂಚಣಿಯವ್ರು ಇಲ್ಲೊಂದು ತಿಳ್ಕೋಬೇಕು. ನೌಕರಿ ಪಿಂಚಣಿ ತೆರಿಗೆ ಲೆಕ್ಕಕ್ಕೆ ಸಂಬಳವೇ. ಗಂಡನ ನಂತರ ಬರೋ ಕುಟುಂಬ ಪಿಂಚಣಿ ಮಾತ್ರ ಇತರೆ ಆದಾಯದ ಕಲಮಿಗೆ ಹೋಗ್ತದೆ. ಎರಡರಲ್ಲಿ ಯಾವುದರಿಂದ ಕೊಟ್ರೂ 80ಜಿ ಕೇಳಬೋದು, ಆದ್ರೆ ಹಣ ಮೊದಲು ನಿಮ್ಮ ಖಾತೆಗೆ ಬಂದು, ಆದಾಯ ಅನ್ನಿಸ್ಕಂಡು, ಆಮೇಲೇ ದಾನ. 2006ರ ಏಪ್ರಿಲ್ ಆದ್ಮೇಲೆ ರಾಜ್ಯ ಸರ್ಕಾರದ ಕೆಲ್ಸಕ್ಕೆ ಸೇರಿದೋರ ಎನ್‌ಪಿಎಸ್ ಖಾತೆಯಿಂದ ನೇರವಾಗಿ ಟ್ರಸ್ಟಿಗೆ ಕಳ್ಸೋ ದಾರಿ ನಮ್ಮಲ್ಲಿಲ್ಲ.

ಅಮೆರಿಕದಲ್ಲಿ ಅದೈತೆ. 2006ರ ಕಾನೂನಿಂದ, ಎಪ್ಪತ್ತೂವರೆ ವರ್ಷ ತುಂಬಿದೋರು ತಮ್ಮ ಐಆರ್‌ಎ ಅನ್ನೋ ನಿವೃತ್ತಿ ಖಾತೆಯಿಂದ ನೇರ ಧರ್ಮಸಂಸ್ಥೆಗೆ ಕಳ್ಸಬೋದು. 2025ಕ್ಕೆ ಮಿತಿ 1,08,000 ಡಾಲರ್. ರಿಟರ್ನಿನಲ್ಲಿ ತೆಗೆದ ಒಟ್ಟು ಮೊತ್ತ ಒಂದು ಮನೇಲಿ ಬರೆದು, ತೆರಿಗೆ ಬೀಳೋ ಮೊತ್ತದ ಮನೇಲಿ ಈ ದಾನ ಬಿಟ್ಟು ಬರೆದು, ಪಕ್ಕದಲ್ಲಿ ಕ್ಯೂಸಿಡಿ ಅಂತ ಗುರ್ತು ಹಾಕ್ತಾರೆ. ಆ ದುಡ್ಡು ಆದಾಯಕ್ಕೇ ಸೇರಲ್ಲ, ಅದ್ಕೇ ಮತ್ತೆ ದಾನದ ಬಿಡ್ತಿ ಅಂತ ಇನ್ನೊಂದ್ಸಲ ಕೇಳಂಗಿಲ್ಲ. ಅಲ್ಲಿರೋ ನಮ್ಮ ಭಾವಂದಿರು, ಅಣ್ಣಂದಿರು ಊರಿನ ಶಾಲೆಗೆ ಹಿಂಗೇ ಕಳಿಸ್ತೀವಿ ಅಂದ್ರೆ ಆಗಲ್ಲ. ಪಡೆಯೋ ಸಂಸ್ಥೆ ಅಲ್ಲಿಯ ಕಾನೂನು ಒಪ್ಪಿದ್ದಾಗಿರ್ಬೇಕು. ಮನೇಲಿ ಈ ಮಾತು ಬಂದ್ರೆ ಮೊದ್ಲೇ ಹೇಳ್ಬುಡಿ.

ಇನ್ನು ನಮ್ಮಲ್ಲಿ ಯಾವುದು ಲೆಕ್ಕಕ್ಕೆ ಬರ್ತದೆ, ಯಾವುದು ಬರಲ್ಲ. ಅನ್ನದಾನಕ್ಕೆ ಕೊಟ್ಟ ಅಕ್ಕಿ ಮೂಟೆ, ಬೇಳೆ, ಸೀರೆ ಬರಲ್ಲ, ಹಣ ಮಾತ್ರ. ನಗದಾಗಿ ಕೊಟ್ರೆ 2,000 ರೂಪಾಯಿವರ್ಗೂ ಸರಿ; 2017ರ ಏಪ್ರಿಲ್‌ಗೆ ಮುಂಚೆ 10,000 ಇತ್ತು. ಒಂದೇ ಜಾತಿಯವ್ರಿಗೆ ಅಂತಿರೋ ಸಂಘಕ್ಕೆ ಕೊಟ್ಟಿದ್ದಕ್ಕೆ ಬಿಡ್ತಿ ಇಲ್ಲ. ಊರ ಗುಡಿ ಗೋಪುರಕ್ಕೆ ಕೊಟ್ಟಿದ್ದೂ ಸಾಮಾನ್ಯವಾಗಿ ಬರಲ್ಲ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರಸಿದ್ಧ ಗುಡಿಗಳ ಜೀರ್ಣೋದ್ಧಾರಕ್ಕೆ ಮಾತ್ರ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ರೆ ಪೂರ್ತಿ ಬಿಡ್ತಿ. ಚಿಕ್ಕವ್ವ ಕೊಡೋಂಥ ಟ್ರಸ್ಟುಗಳಿಗೆ ಅರ್ಧ, ಅದೂ ಆದಾಯದ ನೂರಕ್ಕೆ ಹತ್ತರ ಮಿತಿಯೊಳಗೆ.

ಒಂದು ಲೆಕ್ಕ ಹಾಕೋಣ. 68 ವರ್ಷದೋರು, ವರ್ಷಕ್ಕೆ 7,20,000 ಪಿಂಚಣಿ, ಬೇರೆ ಆದಾಯ ಇಲ್ಲ, ಟ್ರಸ್ಟಿಗೆ 60,000 ಕೊಟ್ಟವ್ರೆ. 2024-25ರ ಹಳೇ ಪದ್ಧತೀಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ದಾನದ ಅರ್ಧ 30,000 ಕಳೆದ್ರೆ ಉಳಿಯೋದು 6,40,000. ತೆರಿಗೆ ಸೆಸ್ ಸೇರಿ 39,520. ದಾನ ಬರೀದೆ ಇದ್ರೆ 45,760 ಆಗ್ತಿತ್ತು. 6,240 ಉಳೀತು ಅಂತ ಕುಣೀಬೇಡಿ. ಹೊಸ ಪದ್ಧತೀಲಿ ಅದೇ ಪಿಂಚಣಿಗೆ ಆ ವರ್ಷ ತೆರಿಗೆ ಸೊನ್ನೆ! ಅಲ್ಲಿ 80ಜಿ ಇಲ್ವೇ ಇಲ್ಲ, ಬೇಕಾಗೂ ಇಲ್ಲ. 2025-26ರಿಂದ ಅಂತೂ ಹೊಸ ಪದ್ಧತೀಲಿ 12 ಲಕ್ಷದವರ್ಗೂ ತೆರಿಗೆ ಬೀಳಲ್ಲ. ಅಂದ್ರೆ ನಮ್ಮಂಥ ಮನೆಗಳ ಬಹಳಷ್ಟು ಮೇಷ್ಟ್ರಮ್ಮಂದಿರಿಗೆ ದಾನ ಈಗ ಬರೀ ದಾನವೇ. ನನ್ಗೇನೋ ಅದೇ ಚೆಂದ ಅನ್ಸುತ್ತೆ.

ಆದ್ರೂ ಇದನ್ನೆಲ್ಲ ಬರ್ಯಕ್ಕೆ ಕಾರಣ ಐತೆ. ನಮ್ಮ ಬೀದಿಯ ಒಬ್ಬ ಅಕ್ಕನಿಗೆ, ಕುಟುಂಬ ಪಿಂಚಣಿಯಲ್ಲೇ ಬದುಕೋಳು, ರಿಟರ್ನ್ ತುಂಬ್ಕೊಡೋನು ರೀಫಂಡ್ ತರ್ಸ್ತೀನಿ ಅಂತ ಅವಳು ಕಂಡೇ ಇಲ್ದ ಟ್ರಸ್ಟಿನ ಹೆಸರಲ್ಲಿ ದಾನ ಬರ್ದ. ಬಂದ ರೀಫಂಡಲ್ಲಿ ಪಾಲೂ ತಗಂಡ. ನೋಟೀಸು ಬಂದದ್ದು ಅಕ್ಕನ ಹೆಸರಿಗೆ. ತೆರಿಗೆ, ಬಡ್ಡಿ ಕಟ್ಟಕ್ಕೆ ಕಿವಿ ಓಲೆ ಅಡ ಇಟ್ಳು. 2025ರ ಜುಲೈನಲ್ಲಿ ಇಲಾಖೆ ಇಂಥಾ ಸುಳ್ಳು ಬಿಡ್ತಿಗಳ ಮೇಲೆ ದೇಶದಲ್ಲೆಲ್ಲ ತಪಾಸಣೆ ನಡೆಸ್ತು.

ಈಗ ಸುಳ್ಳು ಬೇಗ ಸಿಕ್ಬೀಳ್ತದೆ. 2021-22ರಿಂದ ದಾನ ಪಡೆದ ಟ್ರಸ್ಟೇ ಯಾರ್ಯಾರು ಎಷ್ಟೆಷ್ಟು ಕೊಟ್ರು ಅಂತ 10ಬಿಡಿ ಫಾರಂನಲ್ಲಿ ಮೇ 31ರೊಳಗೆ ಇಲಾಖೆಗೆ ಕೊಡ್ಬೇಕು, ಕೊಟ್ಟೋರಿಗೆ 10ಬಿಇ ಅನ್ನೋ ಪ್ರಮಾಣಪತ್ರ ಕಳ್ಸಬೇಕು. ಹಳೇ ಪದ್ಧತೀಲೇ ಇರೋರು ಜೂನ್‌ನಲ್ಲಿ ಟ್ರಸ್ಟಿಗೆ ಫೋನ್ ಮಾಡಿ 10ಬಿಇ ಕೇಳಿ ಇಸ್ಕಳಿ. ಅದರ ಮೇಲಿನ ನಂಬರು ರಿಟರ್ನಿಗೆ ಬೇಕು. ಬೇರೆಯೋರ ಕೈಲಿ ತುಂಬ್ಸಿದ್ರೂ, ಕಳ್ಸೋಕೆ ಮುಂಚೆ 80ಜಿ ಪಟ್ಟೀನ ಓದಿಸ್ಕಂಡು ಕೇಳಿ, ಅಮೇಲೆ ಓಟಿಪಿ ಕೊಡಿ.