ತಾನೇ ನಡೆಯುವ ಕೈಗಡಿಯಾರ

ಹಾಸನದಿಂದ ಬೆಂಗಳೂರಿನ ಕಡೆಗೆ ಹೊರಟವರಿಗೆ ಕೆಲವೇ ಮೈಲಿಗಳಲ್ಲಿ ಶಾಂತಿಗ್ರಾಮವು ಎದುರಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಹೆಸರನ್ನು ಹೊತ್ತ ಊರು ಅದು. ನಮ್ಮ ಸೋದರಮಾವನವರು ಆ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಉಪಾಧ್ಯಾಯರಾಗಿದ್ದು, ನಿವೃತ್ತರಾಗಿ ಅಲ್ಲಿಯೇ ನೆಲೆಸಿದ್ದಾರೆ. ಕಳೆದ ದಸರೆಯ ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ, ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಅವರ ಮೊಮ್ಮಗನು ನಮ್ಮ ಬಳಿಗೆ ಬಂದು, "ಮಾವ, ಮೊದಲನೆಯ ಸಂಬಳದಲ್ಲಿ ಒಂದು ಆಟೋಮ್ಯಾಟಿಕ್ ವಾಚು ತೊಗೋಬೇಕು ಅಂತಿದೀನಿ. ಯಾವುದು ತೊಗೊಳ್ಳಲಿ?" ಎಂದು ಕೇಳಿದನು. ಚರಿತ್ರೆಯ ಪಾಠ ಹೇಳಿ ಜೀವಿಸುವವರನ್ನು ಅಂಗಡಿಯ ವಿಷಯ ಕೇಳಿದರೂ ಅವರು ಚರಿತ್ರೆಯಿಂದಲೇ ಆರಂಭಿಸುವರು. ಆ ದಿನ ಜಗಲಿಯ ಮೇಲೆ ಕುಳಿತು ಅವನಿಗೆ ಹೇಳಿದುದನ್ನೇ ಇಂದು ಶ್ರೋತೃಗಳ ಮುಂದೆ ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ.

ಕಾಲವನ್ನು ಅಳೆಯುವ ಯಂತ್ರಗಳೆಲ್ಲವೂ ಮನುಷ್ಯನಿಂದ ಏನನ್ನಾದರೂ ಬೇಡುತ್ತವೆ. ಯಾವ ಯಂತ್ರವು ಏನನ್ನು ಬೇಡುತ್ತದೆ, ಅದನ್ನು ಕೊಡಲು ನಾವು ಸಿದ್ಧರಿದ್ದೇವೆಯೆ ಎಂದು ನೋಡುವುದೇ ಆಯ್ಕೆಯ ಮೊದಲನೆಯ ಹೆಜ್ಜೆ. ನಮ್ಮ ಹಿಂದಿನವರು ಹಗಲಿರುಳನ್ನು 60 ಗಳಿಗೆಗಳಾಗಿ ಭಾಗಿಸಿದ್ದರು. ಒಂದು ಗಳಿಗೆಯೆಂದರೆ ಇಂದಿನ 24 ನಿಮಿಷ. ಅದನ್ನು ಅಳೆಯಲು ಇದ್ದುದು ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ಮೆಲ್ಲಗೆ ತುಂಬಿ ಮುಳುಗುವುದು. ದಿನಕ್ಕೆ ಅರವತ್ತು ಬಾರಿ ಮುಳುಗುವಂತಹ ಇಂತಹ ತಾಮ್ರದ ಪಾತ್ರೆಯನ್ನು ಸೂರ್ಯಸಿದ್ಧಾಂತವೇ ವರ್ಣಿಸುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ 1117ರಲ್ಲಿ, ಶಾಂತಲೆಯು ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ 1123ರಲ್ಲಿ, ಗಡಿಯಾರವೆಂಬ ಮಾತಿನ ಅರ್ಥ ಇಷ್ಟೇ. ಆ ಬಟ್ಟಲು ಬೇಡುತ್ತಿದ್ದುದು ಮನುಷ್ಯನ ನಿದ್ರೆಯನ್ನು! ಮುಳುಗಿದ ಬಟ್ಟಲನ್ನು ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡಲು ಒಬ್ಬನು ಸದಾ ಎಚ್ಚರವಾಗಿ ಕುಳಿತಿರಬೇಕು. ಅವನು ತೂಕಡಿಸಿದರೆ ಊರಿನ ಕಾಲವೇ ತೂಕಡಿಸಿತು.

ಆ ಕಾಲವಾದರೂ ಆಯಾ ಊರಿನ ಸ್ವಂತ ಕಾಲ. ಬ್ರಿಟಿಷರ ಆಳ್ವಿಕೆಯಲ್ಲಿ ರೈಲು ಬಂದ ಮೇಲೆ ಮದರಾಸಿನ ಕಾಲವೂ, 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ಎಂದು ಗೊತ್ತುಮಾಡಿದ ಕಾಲವೂ ಬಳಕೆಗೆ ಬಂದವು. ಈ ಎರಡನೆಯದು 82½ ಡಿಗ್ರಿ ಪೂರ್ವ ರೇಖಾಂಶದ ಕಾಲ. ಶಾಂತಿಗ್ರಾಮವಿರುವುದು 76 ಡಿಗ್ರಿಗೆ ತುಸು ಮೇಲೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, ಆ ಊರಿನ ಸೂರ್ಯನು ನಮ್ಮ ಕೈಗಡಿಯಾರಕ್ಕಿಂತ ಸರಾಸರಿ 25 ನಿಮಿಷ ಹಿಂದೆ ಬರುತ್ತಾನೆ. ಎಂದರೆ ಹೆಚ್ಚು ಕಡಿಮೆ ಒಂದು ಗಳಿಗೆ! ಹಳೆಯ ಕಾಲಕ್ಕೂ ಹೊಸ ಕಾಲಕ್ಕೂ ಶಾಂತಿಗ್ರಾಮದಲ್ಲಿರುವ ಅಂತರವು ಹಳೆಯ ಅಳತೆಯಲ್ಲಿಯೇ ಸರಿಯಾಗಿ ಒಂದಾಗುವುದು ಸ್ವಾರಸ್ಯವಾಗಿದೆ. ಶಾಲೆ, ಕಚೇರಿ, ರೈಲುಗಳೆಲ್ಲ ಹೊಸ ಕಾಲವನ್ನು ಅನುಸರಿಸಿದುದರಿಂದ ಸೂರ್ಯನನ್ನು ನೋಡಿ ವೇಳೆ ಹೇಳುವುದು ಸಾಲದಾಯಿತು. ಯಂತ್ರವು ಮನುಷ್ಯನ ಮೈಮೇಲೆಯೇ ಇರಬೇಕಾಯಿತು.

ಜೇಬಿನ ಗಡಿಯಾರವೂ ಅದರ ಬಳಿಕ ಬಂದ ಕೈಗಡಿಯಾರವೂ ಬೇಡಿದುದು ಎಚ್ಚರವನ್ನಲ್ಲ, ಜ್ಞಾಪಕವನ್ನು. ದಿನಕ್ಕೊಮ್ಮೆ ಕೀಲಿ ಕೊಡಬೇಕು, ಮರೆತರೆ ನಿಲ್ಲುವುದು. ಈ ಮರೆವಿಗೆ ಮದ್ದನ್ನು ಹುಡುಕಿದವರಲ್ಲಿ ಸ್ವಿಟ್ಜರ್ಲೆಂಡಿನ ಆಬ್ರಹಾಂ ಲೂಯಿ ಪೆರ್ರೆಲೆ ಎಂಬಾತನು ಪ್ರಸಿದ್ಧನು. 1770ರ ದಶಕದಲ್ಲಿ ಅವನು ಮಾಡಿದ ಜೇಬುಗಡಿಯಾರವು, ಧರಿಸಿದವನು ನಡೆಯುವಾಗ ತಾನಾಗಿಯೇ ಕೀಲಿಯನ್ನು ಸುತ್ತಿಕೊಳ್ಳುತ್ತಿದ್ದಿತು. ಆದರೆ ಜೇಬಿನೊಳಗಿನ ವಸ್ತುವಿಗೆ ಅಲುಗಾಟವು ಸಾಲದು. ಈ ಕಲ್ಪನೆಗೆ ತಕ್ಕ ಸ್ಥಳ ಮಣಿಕಟ್ಟು. ಗಡಿಯಾರವು ಅಲ್ಲಿಗೆ ಬರುವವರೆಗೆ ಕಲ್ಪನೆಯು ನೂರೈವತ್ತು ವರ್ಷ ಕಾಯಬೇಕಾಯಿತು.

ಕಾಯುವಿಕೆಯನ್ನು ಕೊನೆಗಾಣಿಸಿದವನು ಜಾನ್ ಹಾರ್ವುಡ್ ಎಂಬ ಆಂಗ್ಲ ಗಡಿಯಾರದ ಕೆಲಸಗಾರ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಇವನು, ಕೈಗಡಿಯಾರಗಳು ಕೆಡುವುದಕ್ಕೆ ಧೂಳು ಮತ್ತು ತೇವವೇ ಕಾರಣವೆಂದೂ, ಅವು ಒಳನುಗ್ಗುವುದು ಕೀಲಿ ಕೊಡುವ ತಿರುಪಿನ ರಂಧ್ರದಿಂದಲೇ ಎಂದೂ ಕಂಡುಕೊಂಡನು. ಬಾಗಿಲು ಇರುವುದರಿಂದಲ್ಲವೆ ಕಳ್ಳನು ಬರುವುದು? ಬಾಗಿಲನ್ನೇ ಮುಚ್ಚಿಬಿಟ್ಟರೆ? 1924ರಲ್ಲಿ ಅವನಿಗೆ ಹಕ್ಕುಪತ್ರ ದೊರೆತ ಗಡಿಯಾರದಲ್ಲಿ ಪಕ್ಕದ ತಿರುಪೇ ಇರಲಿಲ್ಲ. ಮುಳ್ಳುಗಳನ್ನು ಸರಿಪಡಿಸಬೇಕಾದರೆ ಗಾಜಿನ ಸುತ್ತಲಿನ ಬಳೆಯನ್ನು ತಿರುಗಿಸಬೇಕು. ಒಳಗಿನ ಒಂದು ತೂಕವು ಕೈಯ ಬೀಸಾಟಕ್ಕೆ ಅತ್ತಿತ್ತ ಒಲೆದು ಕಮಾನನ್ನು ಬಿಗಿಯುತ್ತಿದ್ದಿತು. ಮನುಷ್ಯನ ಸೋಮಾರಿತನಕ್ಕಾಗಿ ಹುಟ್ಟಿದುದೆಂದು ನಾವು ಭಾವಿಸುವ ಈ ಯಂತ್ರವು ನಿಜವಾಗಿ ಧೂಳಿನ ಭಯದಿಂದ ಹುಟ್ಟಿತು. ವ್ಯಾಪಾರದ ಮಹಾಕುಸಿತದಲ್ಲಿ ಹಾರ್ವುಡ್ಡನ ಸಂಸ್ಥೆಯು 1931ರಲ್ಲಿ ಮುಳುಗಿತು. ಅದೇ ವರ್ಷ ರೋಲೆಕ್ಸ್ ಸಂಸ್ಥೆಯು, ತೂಕವು ಅಡೆತಡೆಯಿಲ್ಲದೆ ಪೂರ್ಣ ವೃತ್ತವಾಗಿ ಸುತ್ತುವ ಗಡಿಯಾರವನ್ನು ಹೊರತಂದಿತು. ಇಂದಿನ ಸ್ವಯಂಚಲಿತ ಕೈಗಡಿಯಾರಗಳಲ್ಲಿ ಬಹುಪಾಲು ಈ ಕ್ರಮದವೇ: ಅರ್ಧಚಂದ್ರಾಕೃತಿಯ ತೂಕ ಸುತ್ತುವುದು, ಹಲ್ಲುಚಕ್ರಗಳು ಆ ಸುತ್ತನ್ನು ಕಮಾನಿಗೆ ಮುಟ್ಟಿಸುವುವು, ಕಮಾನು ತುಂಬಿದ ಮೇಲೆ ಅದರ ಹೊರತುದಿಯು ಜಾರಿಕೊಳ್ಳುವುದರಿಂದ ಎಷ್ಟು ಓಡಾಡಿದರೂ ಮುರಿಯುವ ಭಯವಿಲ್ಲ. ತುಂಬಿದ ಕಮಾನು ಸಾಮಾನ್ಯವಾಗಿ 40 ಗಂಟೆಗಳ ಕಾಲ ನಡೆಯುವುದು.

ಇನ್ನು ನಮ್ಮ ನಾಡಿನ ಕಥೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಮಾಡುತ್ತಿದ್ದುದು ಕಾರ್ಖಾನೆಗಳಿಗೆ ಬೇಕಾದ ದೊಡ್ಡ ಯಂತ್ರಗಳನ್ನು. 1961ರಲ್ಲಿ ಅದು ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಕೈಗಡಿಯಾರಗಳ ತಯಾರಿಕೆಗೆ ಕೈಹಾಕಿತು. ಆವರೆಗೆ ವಿದೇಶದ ಗಡಿಯಾರವೇ ಗಡಿಯಾರವೆಂಬ ಭಾವನೆ. ಅದು ಉಳ್ಳವರ ಒಡವೆ. ಎಚ್.ಎಂ.ಟಿ.ಯ ಕೀಲಿ ಕೊಡುವ 'ಜನತಾ' ಆ ಭಾವನೆಯನ್ನು ತೊಡೆದುಹಾಕಿತು. ಶಾಲೆಯ ಮೇಷ್ಟರು, ಅಂಚೆಯವರು, ಗುಮಾಸ್ತರು, ಬಸ್ಸಿನ ಕಂಡಕ್ಟರರು ಕಾಲವನ್ನು ತಮ್ಮ ಕೈಯಲ್ಲಿ ಕಟ್ಟಿಕೊಂಡರು. ಅಂಧರು ಮುಟ್ಟಿ ಓದುವ ಗಡಿಯಾರವನ್ನೂ ಈ ಸಂಸ್ಥೆ ಮಾಡಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಇದರ ಸ್ವಯಂಚಲಿತ ಗಡಿಯಾರಗಳಿಗೆ ಇಟ್ಟ ಹೆಸರುಗಳು 'ರಜತ', 'ಕಾಂಚನ': ಬೆಳ್ಳಿ ಮತ್ತು ಬಂಗಾರ. ಹೆಸರಿಗೆ ತಕ್ಕಂತೆ ಇಂತಹ ಗಡಿಯಾರಗಳು ಮದುವೆಯ ಮನೆಯನ್ನೂ ಹೊಕ್ಕವು. ಅಳಿಯನಿಗೆ ಸೂಟು, ಉಂಗುರಗಳ ಜೊತೆಗೆ ಗಡಿಯಾರವೂ ಆಗಲೇಬೇಕೆಂಬ ಒತ್ತಾಯದಿಂದ ಸಾಲ ಮಾಡಿದ ಮಾವಂದಿರು ಎಷ್ಟು ಮಂದಿಯೋ! ವಿಚಿತ್ರವೇನೆಂದರೆ, ಆ ವರನ ಕೈಯಲ್ಲಿ ಹೊಸ ಗಡಿಯಾರ ನಡೆಯುತ್ತಿದ್ದರೂ ಪುರೋಹಿತರು ಲೆಕ್ಕ ಹಾಕಿ ಕೊಟ್ಟ ಲಗ್ನವು ಗಳಿಗೆಗಳಲ್ಲಿಯೇ ಇರುತ್ತಿದ್ದಿತು.

ನಮ್ಮ ಸೋದರಮಾವನವರದು ಮಾತ್ರ ವರದಕ್ಷಿಣೆಯ ಗಡಿಯಾರವಲ್ಲ. ಎಂಬತ್ತರ ದಶಕದಲ್ಲಿ ಬಾಕಿ ಸಂಬಳವು ಒಟ್ಟಾಗಿ ಕೈಗೆ ಬಂದಾಗ ಅವರು ತಾವೇ ಕೊಂಡ 'ರಜತ' ಅದು. ಸೈಕಲ್ಲಿನ ಮೇಲೆ ಹಳ್ಳಿಯ ಶಾಲೆಗೆ ಹೋಗಿ, ಮಕ್ಕಳ ನಡುವೆ ದಿನವಿಡೀ ಓಡಾಡಿ, ಸಂಜೆ ತೋಟಕ್ಕೆ ಹೋಗಿ ಬರುವ ಕೈಗೆ ಅದು ಇಪ್ಪತ್ತು ವರ್ಷ ಒಂದು ದಿನವೂ ನಿಲ್ಲಲಿಲ್ಲ. ನಿವೃತ್ತರಾದ ಕೆಲವು ವರ್ಷಗಳ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು; ಅಂದಿನಿಂದ ಜಗಲಿಯೇ ಅವರ ಲೋಕ. ಗಡಿಯಾರವು ಪ್ರತಿದಿನವೂ ಬೆಳಗಿನ ಜಾವಕ್ಕೆ ನಿಲ್ಲತೊಡಗಿತು. ಮನೆಯವರು ಎರಡು ಮೂರು ಬಾರಿ ರಿಪೇರಿಗೆ ಕೊಟ್ಟು ಹಣ ತೆತ್ತರು. ಕೊನೆಗೆ ಹಾಸನದ ವಯಸ್ಸಾದ ರಿಪೇರಿಯವರೊಬ್ಬರು ಅದನ್ನು ಬಿಚ್ಚಿ ನೋಡಿ, ಹಾಗೆಯೇ ಮುಚ್ಚಿ ಕೊಡುತ್ತಾ, "ಗಡಿಯಾರಕ್ಕೇನೂ ಆಗಿಲ್ಲ ಸ್ವಾಮಿ. ಮೇಷ್ಟ್ರು ಓಡಾಡೋದು ನಿಲ್ಲಿಸಿದಾರೆ, ಅದೂ ನಿಂತಿದೆ" ಎಂದರಂತೆ. ಕಾಸು ಮುಟ್ಟಲಿಲ್ಲವಂತೆ. ಆ ಮಾತನ್ನು ಮಾವನವರಿಗೆ ಬಹುಕಾಲ ಯಾರೂ ತಿಳಿಸಲಿಲ್ಲ.

ಸ್ವಯಂಚಲಿತವೆಂಬ ಹೆಸರೇ ನಮ್ಮನ್ನು ತಪ್ಪುದಾರಿಗೆ ಎಳೆಯುತ್ತದೆ. ಇದು ತಾನೇ ನಡೆಯುವುದಿಲ್ಲ, ನಮ್ಮಿಂದ ನಡೆಯುತ್ತದೆ. ಗಳಿಗೆ ಬಟ್ಟಲು ನಿದ್ರೆಯನ್ನು ಬೇಡಿತು, ಕೀಲಿಯ ಗಡಿಯಾರವು ಜ್ಞಾಪಕವನ್ನು ಬೇಡಿತು. ಇದು ಬೇಡುವುದು ನಮ್ಮ ಚಲನೆಯನ್ನು.

ಇವು ಯಾವುದನ್ನೂ ಬೇಡದ ಗಡಿಯಾರವು 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆಯಿಂದ ಹೊರಬಂದಿತು. ಅದೇ ಕ್ವಾರ್ಟ್ಸ್ ಗಡಿಯಾರ. ಇಂದಿನ ಸಾಮಾನ್ಯ ಕ್ವಾರ್ಟ್ಸ್ ಗಡಿಯಾರದಲ್ಲಿ ಸ್ಫಟಿಕದ ತುಣುಕೊಂದು ಬ್ಯಾಟರಿಯ ಬಲದಿಂದ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಒಳ್ಳೆಯ ಕಮಾನಿನ ಗಡಿಯಾರವು ಒಂದು ದಿನದಲ್ಲಿ ತಪ್ಪುವಷ್ಟು ಸೆಕೆಂಡುಗಳನ್ನು ಅಗ್ಗದ ಕ್ವಾರ್ಟ್ಸ್ ಒಂದು ತಿಂಗಳಲ್ಲಿ ತಪ್ಪಿದರೆ ಹೆಚ್ಚು. 1984ರಲ್ಲಿ ಟೈಟಾನ್ ಸಂಸ್ಥೆ ಹುಟ್ಟಿ, ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ಹೂಡಿ ಕ್ವಾರ್ಟ್ಸನ್ನು ನೆಚ್ಚಿತು. ಎಚ್.ಎಂ.ಟಿ.ಯೂ ಕ್ವಾರ್ಟ್ಸ್ ಮಾಡದೆ ಇರಲಿಲ್ಲ. ಆದರೆ ಅದರ ಬಲವೆಲ್ಲ ಕಮಾನಿನಲ್ಲಿ ಉಳಿದಿದ್ದಿತು. ನಷ್ಟವು ವರ್ಷದಿಂದ ವರ್ಷಕ್ಕೆ ಬೆಳೆದು, 2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಗಡಿಯಾರದ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ತುಮಕೂರಿನ ಕಾರ್ಖಾನೆಯ ನೆಲವು ಇಸ್ರೋ ಪಾಲಾಯಿತು. ಜಾಲಹಳ್ಳಿಯಲ್ಲಿ 2019ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಕಾರ್ಖಾನೆಯ ಜೊತೆಗೆ ಹೋದುದು ಗಡಿಯಾರ ಮಾತ್ರವಲ್ಲ. ಅದರ ಬಿಡಿಭಾಗಗಳು ಊರೂರಿನ ರಿಪೇರಿಯ ಪೆಟ್ಟಿಗೆಯನ್ನು ಸೇರುತ್ತಿದ್ದ ದಾರಿಯೂ ಹೋಯಿತು.

ಹಾಗಾದರೆ ಆ ಹುಡುಗನಿಗೆ ನಾವು ಏನು ಹೇಳಿದೆವು? ಕರಾರುವಾಕ್ಕಾದ ವೇಳೆಯೇ ಬೇಕಾದರೆ ಆಟೋಮ್ಯಾಟಿಕ್ ಬೇಡ; ಅಗ್ಗದ ಕ್ವಾರ್ಟ್ಸ್ ಅದನ್ನು ಸೋಲಿಸುವುದು. ಬೇಕೇ ಬೇಕಾದರೆ, ನಿನ್ನ ದಿನವನ್ನು ಮೊದಲು ನೋಡಿಕೊ. ಇಡೀ ಹಗಲು ಮೇಜಿನ ಮುಂದೆ ಕುಳಿತು ಬೆರಳನ್ನಷ್ಟೇ ಆಡಿಸುವ ಕೆಲಸವಾದರೆ, ತಿರುಪಿನಿಂದ ಕೈಯಾರೆ ಕೀಲಿಯನ್ನೂ ಕೊಡಬಹುದಾದ ಗಡಿಯಾರವನ್ನೇ ಆರಿಸು. ಹೊಳೆಯುವ ಹೆಸರಿಗಿಂತ, ಬಹಳ ಮಂದಿ ಧರಿಸುವ, ಆದುದರಿಂದ ಬಹಳ ಮಂದಿ ಬಿಚ್ಚಿ ಬಲ್ಲ ಯಂತ್ರವು ಮೇಲು. ನಾಲ್ಕೈದು ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಆ ಖರ್ಚನ್ನು ಬೆಲೆಯ ಜೊತೆಗೇ ಕೂಡಿಸಿಕೊ. ಬೆನ್ನಿನ ಮೇಲೆ 30 ಮೀಟರ್ ಎಂದು ಕೊರೆದಿದ್ದರೆ ಮಳೆಯ ಹನಿಗೆ ಅಂಜದು ಎಂದಷ್ಟೇ ಅರ್ಥ, ಹೇಮಾವತಿಯಲ್ಲಿ ಈಜಬಹುದೆಂದಲ್ಲ. ಆಯಸ್ಕಾಂತವಿರುವ ವಸ್ತುಗಳ ಪಕ್ಕದಲ್ಲಿ ಇಡಬೇಡ. ಇನ್ನು ಹಳೆಯ ಎಚ್.ಎಂ.ಟಿ.ಯ ಮೇಲಣ ಮೋಹದಿಂದ ಕೊಳ್ಳುವೆಯಾದರೆ ಜೋಕೆ: ಹಲವು ಗಡಿಯಾರಗಳ ತುಂಡುಗಳನ್ನು ಕೂಡಿಸಿ, ಮುಖಕ್ಕೆ ಎಂದೂ ಇಲ್ಲದಿದ್ದ ಬಣ್ಣ ಬಳಿದು ಮಾರುವವರಿದ್ದಾರೆ. ನಲವತ್ತು ವರ್ಷದ ಗಡಿಯಾರದ ಮುಖವು ನಿನ್ನೆ ಹುಟ್ಟಿದಂತೆ ಹೊಳೆದರೆ ಸಂಶಯಪಡು.

ಇಷ್ಟನ್ನೂ ಮಾವನವರು ಬೆತ್ತದ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದರು. ನಡುವೆ ಬಾಯಿ ಹಾಕಲಿಲ್ಲ. ಮಾತು ಮುಗಿದ ಮೇಲೆ ತಮ್ಮ ಕೈಯಿಂದ 'ರಜತ'ವನ್ನು ಬಿಚ್ಚಿ ಮೊಮ್ಮಗನ ಕಡೆಗೆ ಚಾಚಿ, "ತೊಗೋಪ್ಪ, ನೀನು ಓಡಾಡೋನು. ಅದು ಯಾಕೆ ನಿಲ್ಲುತ್ತೆ ಅಂತ ನಂಗೆ ಆಗ್ಲೇ ಗೊತ್ತು" ಎಂದರು. ಮನೆಯವರು ಮುಖ ಮುಖ ನೋಡಿಕೊಂಡರು.

ಹುಡುಗನು ಮೊದಲನೆಯ ಸಂಬಳದಲ್ಲಿ ಗಡಿಯಾರ ಕೊಂಡನು, ತನಗಲ್ಲ, ತಾತನಿಗೆ. ದೊಡ್ಡ ಅಂಕಿಗಳ ಒಂದು ಸಾಧಾರಣ ಕ್ವಾರ್ಟ್ಸ್. ಈಗ ಅವನು ತಿಂಗಳಿಗೊಮ್ಮೆ ಶಾಂತಿಗ್ರಾಮಕ್ಕೆ ಬಂದಾಗ ಇಬ್ಬರೂ ಜಗಲಿಯ ಮೇಲೆ ಕೈಗೆ ಕೈ ತಾಗಿಸಿ ವೇಳೆಯನ್ನು ಹೋಲಿಸಿ ನೋಡುವರಂತೆ. 'ರಜತ'ವು ಕೆಲವು ನಿಮಿಷ ಹಿಂದೆ ಬಿದ್ದಿರುವುದು. ತಾತನವರು ಅದನ್ನು ಕೇಳಿ ತೆಗೆದುಕೊಂಡು, ಮುಳ್ಳನ್ನು ತಾವೇ ಸರಿಪಡಿಸಿ, ಕಿವಿಗಿಟ್ಟು ಒಂದು ಕ್ಷಣ ಕೇಳಿ, ಹಿಂದಕ್ಕೆ ಕೊಡುವರಂತೆ.