ಟೇಪ್ ಡ್ರೈವ್ ಹಂಚಿಕೆ

ಟೇಪ್ ಡ್ರೈವ್ ಹಂಚಿಕೆ ಎಂದರೆ ಜಾಲಕ್ಕೆ ಜೋಡಿಸಿದ ಒಂದೋ ಹಲವೋ ಟೇಪ್ ಡ್ರೈವ್‌ಗಳನ್ನು ಅನೇಕ ಬ್ಯಾಕಪ್ ಸರ್ವರ್‌ಗಳು ಸರದಿಯ ಮೇಲೆ ಬಳಸಿಕೊಳ್ಳುವ ವ್ಯವಸ್ಥೆ. ಹಾರ್ಡ್ ಡಿಸ್ಕಿನಲ್ಲಿ ಹತ್ತು ಕೆಲಸಗಳು ಒಟ್ಟಿಗೆ ನಡೆದರೂ ತೊಂದರೆಯಿಲ್ಲ. ಟೇಪಿಗೆ ಆ ಸೌಕರ್ಯವಿಲ್ಲ. ಸುರುಳಿ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಮುಂದಿನ ಬರವಣಿಗೆ. ಒಂದು ಸರ್ವರ್ ಬರೆಯುತ್ತಿರುವಾಗ ಇನ್ನೊಂದು ನಡುವೆ ಕೈಹಾಕಿ ಅದನ್ನು ಹಿಂದಕ್ಕೆ ಸುತ್ತಿಬಿಟ್ಟರೆ ಹಳೆಯ ದತ್ತಾಂಶದ ಮೇಲೆ ಹೊಸದು ಕೂರುತ್ತದೆ. ಡ್ರೈವ್ ಸದ್ಯಕ್ಕೆ ಯಾರ ವಶದಲ್ಲಿದೆ ಎಂಬುದನ್ನು ಗೊಂದಲವಿಲ್ಲದೆ ತೀರ್ಮಾನಿಸಲು ನಡೆದ ಪ್ರಯತ್ನಗಳೇ ಈ ತಂತ್ರದ ಇತಿಹಾಸ.

1951ರ ಯುನಿವ್ಯಾಕ್ ಕಂಪ್ಯೂಟರಿನ ಟೇಪು ಲೋಹದ್ದು. ಕಂಚಿನ ಪಟ್ಟಿಯ ಮೇಲೆ ನಿಕಲ್ ಲೇಪ. ಮರುವರ್ಷ ಐಬಿಎಂ ಪ್ರಕಟಿಸಿದ 726 ಡ್ರೈವ್ ಪ್ಲಾಸ್ಟಿಕ್ ಪಟ್ಟಿಗೆ ಹೊರಳಿ, ಸೆಕೆಂಡಿಗೆ 7,500 ಅಕ್ಷರಗಳನ್ನು ಬರೆಯಿತು. ಆಗ ಒಂದೊಂದು ಕಂಪ್ಯೂಟರಿಗೂ ಅದರದೇ ಡ್ರೈವ್‌ಗಳ ಸಾಲು. ದುಬಾರಿ ಯಂತ್ರವನ್ನು ಸುಮ್ಮನೆ ನಿಲ್ಲಿಸಿಕೊಳ್ಳುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. 1964ರಲ್ಲಿ ಘೋಷಣೆಯಾದ ಐಬಿಎಂನ ಸಿಸ್ಟಮ್/360 ಕಂಪ್ಯೂಟರುಗಳ ಕಾಲಕ್ಕೆ ಡ್ರೈವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಿರುಗಿಸುವ ಸ್ವಿಚ್ ಘಟಕಗಳು ಬಂದವು. ವಶ ಬದಲಿಸುವ ಹೊಣೆ ಮಾತ್ರ ಆಪರೇಟರಿನದು: ಒಂದು ಯಂತ್ರದಲ್ಲಿ ‘ವೇರಿ’ ಆಜ್ಞೆ ಕೊಟ್ಟು ಡ್ರೈವನ್ನು ಆಫ್‌ಲೈನ್ ಮಾಡಬೇಕು, ಇನ್ನೊಂದರಲ್ಲಿ ಅದೇ ಆಜ್ಞೆಯಿಂದ ಆನ್‌ಲೈನ್ ಮಾಡಬೇಕು.

ಜಾಲದ ಮೂಲಕ ಹಂಚಿಕೆಗೆ ದಾರಿ ತೆರೆದದ್ದು ಯುನಿಕ್ಸ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಿಂದ 1983ರಲ್ಲಿ ಹೊರಬಂದ 4.2 ಬಿಎಸ್‌ಡಿ ಆವೃತ್ತಿಯಲ್ಲಿ ‘ಆರ್‌ಎಂಟಿ’ ಎಂಬ ಪುಟ್ಟ ಪ್ರೋಗ್ರಾಮ್ ಇತ್ತು. ಡ್ರೈವ್ ಇರುವ ಯಂತ್ರದಲ್ಲಿ ಅದು ಕಾದು ಕೂತು, ದೂರದಿಂದ ಬಂದ ಒಂದಕ್ಷರದ ಆಜ್ಞೆಗಳನ್ನು ಪಾಲಿಸುತ್ತಿತ್ತು. ತೆರೆಯಲು ಓ, ಬರೆಯಲು ಡಬ್ಲ್ಯು, ಓದಲು ಆರ್, ಮುಚ್ಚಲು ಸಿ. ಡ್ರೈವ್ ಇಲ್ಲದ ಯಂತ್ರಕ್ಕೂ ಹೀಗೆ ಬ್ಯಾಕಪ್ ಸಿಕ್ಕಿತು. ಆದರೆ ಪಾಸ್‌ವರ್ಡ್ ಕೇಳದೆ ಯಂತ್ರಗಳು ಒಂದನ್ನೊಂದು ನಂಬುವ ಏರ್ಪಾಡಿನ ಮೇಲೆ ಇದೆಲ್ಲ ನಿಂತಿತ್ತು. ಸರದಿ ನಿಗದಿ ಮಾಡುವವರೂ ಇರಲಿಲ್ಲ.

ವೇಗವೂ ಒಂದು ಅಡ್ಡಿ. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಅಂದಿನ ಈಥರ್ನೆಟ್‌ನಲ್ಲಿ ದತ್ತಾಂಶ ತಡೆತಡೆದು ಬಂದರೆ ಓಡುವ ಟೇಪು ನಿಲ್ಲಬೇಕು, ತುಸು ಹಿಂದೆ ಸರಿದು ಮತ್ತೆ ಓಟ ಹಿಡಿಯಬೇಕು. ಈ ಹಿಂದು-ಮುಂದಿನ ಎಳೆದಾಟದಿಂದ ಸಮಯವೂ ಹಾಳು, ಟೇಪೂ ಸವೆತ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಡ ಸಿಲ್ವಾ ಮತ್ತಿತರರು 1990ರ ದಶಕದ ಆರಂಭದಲ್ಲಿ ರೂಪಿಸಿದ ‘ಅಮಾಂಡ’ ತಂತ್ರಾಂಶ ಇದಕ್ಕೆ ಸರಳ ಉಪಾಯ ಹುಡುಕಿತು. ಹಲವು ಯಂತ್ರಗಳ ಬ್ಯಾಕಪ್ ಏಕಕಾಲಕ್ಕೆ ಒಂದು ಡಿಸ್ಕಿನಲ್ಲಿ ಬಂದು ಶೇಖರವಾಗುತ್ತದೆ. ಅಲ್ಲಿಂದ ಒಂದಾದ ಮೇಲೊಂದರಂತೆ, ಎಲ್ಲೂ ತಡೆಯದೆ, ಟೇಪಿಗೆ ಇಳಿಯುತ್ತದೆ. ಬೇರೆ ಕೆಲವು ತಂತ್ರಾಂಶಗಳು, ಒಂದೇ ಒರಳಿಗೆ ಇಬ್ಬರು ಮೂವರು ಲಯ ತಪ್ಪದೆ ಒನಕೆ ಹಾಕುವ ಹಾಗೆ, ಹಲವು ಯಂತ್ರಗಳ ದತ್ತಾಂಶದ ತುಣುಕುಗಳನ್ನು ಒಂದೇ ಟೇಪಿನಲ್ಲಿ ಹೆಣೆದು ಬರೆದವು. ಬರೆಯುವಾಗ ವೇಗ ಸಿಕ್ಕಿತು. ಒಂದೇ ಯಂತ್ರದ ಕಡತಗಳನ್ನು ಮರಳಿ ಪಡೆಯುವಾಗ ಆ ಹೆಣಿಗೆಯನ್ನೆಲ್ಲ ಬಿಡಿಸಬೇಕಾಯಿತು.

ಅಷ್ಟರಲ್ಲಿ ಡ್ರೈವ್‌ಗಳು ರೋಬೋಗಳ ಕೈಗೆ ಬಂದಿದ್ದವು. ಅಮೆರಿಕದ ಸ್ಟೋರೇಜ್‌ಟೆಕ್ ಕಂಪನಿ 1987ರಲ್ಲಿ ತಂದ 4400 ಎಂಬ ಕಣಜದಂಥ ಕೋಣೆಯಲ್ಲಿ ಸುಮಾರು 6,000 ಕಾರ್ಟ್ರಿಜ್‌ಗಳು ಹಿಡಿಯುತ್ತಿದ್ದವು. ಯಾಂತ್ರಿಕ ತೋಳು ಬೇಕಾದುದನ್ನು ಹೆಕ್ಕಿ ಡ್ರೈವಿಗೆ ತೂರಿಸುತ್ತಿತ್ತು. ಇಂಥ ಭಂಡಾರವನ್ನು ಒಬ್ಬರಿಗಾಗಿ ಕೊಳ್ಳುವುದು ಅಸಾಧ್ಯ, ಹಂಚಿಕೊಳ್ಳುವುದು ಅನಿವಾರ್ಯ.

1994ರಲ್ಲಿ ಮಾನಕವಾದ ಫೈಬರ್ ಚಾನೆಲ್, ಆ ದಶಕದ ಕೊನೆಗೆ ಹಂಚಿಕೆಯ ಸ್ವರೂಪವನ್ನೇ ಬದಲಿಸಿತು. ಸಂಗ್ರಹಣೆಗೆಂದೇ ಮೀಸಲಾದ ಈ ಜಾಲದಲ್ಲಿ ಹಲವು ಸರ್ವರ್‌ಗಳಿಗೆ ಒಂದೇ ಡ್ರೈವ್ ನೇರವಾಗಿ ಕಾಣುತ್ತದೆ. ದತ್ತಾಂಶ ಕಚೇರಿಯ ಸಾಮಾನ್ಯ ಜಾಲವನ್ನು ಮುಟ್ಟುವುದೇ ಇಲ್ಲ. ಎಲ್ಲರಿಗೂ ಕಾಣುವ ಡ್ರೈವಿಗೆ ಎಲ್ಲರೂ ಕೈಹಾಕಬಹುದು ಎಂಬುದೇ ಹೊಸ ತಲೆನೋವಾಯಿತು. ಡ್ರೈವ್‌ಗಳಿಗೆ ಆಜ್ಞೆ ಕೊಡುವ ಸ್ಕಸಿ ಎಂಬ ಮಾನಕದ ಹಳೆಯ ‘ರಿಸರ್ವ್’ ಆಜ್ಞೆಯಿಂದ ಡ್ರೈವನ್ನು ಕಾಯ್ದಿರಿಸಬಹುದಿತ್ತು. ಆದರೆ ಯಾವುದೋ ಸರ್ವರ್ ಮರುಚಾಲನೆಗೊಂಡು ರೀಸೆಟ್ ಸಂಕೇತ ಕಳಿಸಿದರೆ ಆ ಕಾಯ್ದಿರಿಸುವಿಕೆ ಅಳಿಸಿಹೋಗುತ್ತಿತ್ತು, ಟೇಪು ಮೊದಲಿಗೆ ಸುತ್ತಿಕೊಳ್ಳುವ ಅಪಾಯವೂ ಇತ್ತು. ಸ್ಕಸಿ-3ರಲ್ಲಿ ಬಂದ ‘ಪರ್ಸಿಸ್ಟೆಂಟ್ ರಿಸರ್ವೇಶನ್’ ಸರ್ವರಿಗೊಂದು ಕೀಲಿ ಕೊಟ್ಟು, ರೀಸೆಟ್ಟಿಗೂ ಜಗ್ಗದ ಬೀಗ ಹಾಕಿತು. ಬೀಗ ಹಿಡಿದ ಸರ್ವರೇ ಕೆಟ್ಟು ನಿಂತರೆ ಅದನ್ನು ಕಿತ್ತುಕೊಳ್ಳಲು ಇನ್ನೊಂದು ಸರ್ವರಿಗೆ ಅವಕಾಶವನ್ನೂ ಇಟ್ಟಿತು.

ಬೀಗದ ಮೇಲೊಬ್ಬ ಯಜಮಾನನೂ ಬೇಕಾಯಿತು. ಐಬಿಎಂ 1993ರಲ್ಲಿ ಎಡಿಎಸ್‌ಎಂ ಎಂಬ ಹೆಸರಿನಿಂದ ತಂದು ಮುಂದೆ ಟಿವೋಲಿ ಸ್ಟೋರೇಜ್ ಮ್ಯಾನೇಜರ್ ಎಂದು ಕರೆದ ತಂತ್ರಾಂಶದಲ್ಲಿ ಒಂದು ಸರ್ವರ್ ‘ಲೈಬ್ರರಿ ಮ್ಯಾನೇಜರ್’, ಉಳಿದವು ‘ಲೈಬ್ರರಿ ಕ್ಲೈಂಟ್’. ಕ್ಲೈಂಟ್ ಸಾಮಾನ್ಯ ಜಾಲದಲ್ಲಿ ಟೇಪು ಕೇಳುತ್ತದೆ, ಮ್ಯಾನೇಜರ್ ರೋಬೋಗೆ ಹೇಳಿ ಅದನ್ನು ಏರಿಸುತ್ತದೆ, ಬಳಿಕ ಕ್ಲೈಂಟ್ ಫೈಬರ್ ಮೂಲಕ ತಾನೇ ಬರೆಯುತ್ತದೆ. ವೆರಿಟಾಸ್ ನೆಟ್‌ಬ್ಯಾಕಪ್‌ನ ‘ಶೇರ್ಡ್ ಸ್ಟೋರೇಜ್ ಆಪ್ಶನ್’ ಇದೇ ಸಮಸ್ಯೆಗೆ ಕೊಟ್ಟ ಇನ್ನೊಂದು ಉತ್ತರ.

ಇಂಥ ಏರ್ಪಾಡಿನಲ್ಲಿ ಎಡವುವುದು ಹೆಚ್ಚಾಗಿ ಸಣ್ಣ ಸಂಗತಿಗಳಲ್ಲಿ. ಲಿನಕ್ಸ್‌ನಲ್ಲಿ ‘ಎಸ್‌ಟಿ0’ ಎಂದಿದ್ದ ಡ್ರೈವ್ ಮರುಚಾಲನೆಯ ನಂತರ ‘ಎಸ್‌ಟಿ1’ ಆಗಬಹುದು. ಆದ್ದರಿಂದ ಡ್ರೈವಿನ ತಯಾರಿಕಾ ಕ್ರಮಸಂಖ್ಯೆ ಆಧರಿಸಿದ ಸ್ಥಿರ ಹೆಸರುಗಳನ್ನು ಬಳಸುತ್ತಾರೆ. ‘ಎಸ್‌ಟಿ’ ಹೆಸರಿನಲ್ಲಿ ತೆರೆದ ಟೇಪು ಕೆಲಸ ಮುಗಿದೊಡನೆ ಮೊದಲಿಗೆ ಸುತ್ತಿಕೊಳ್ಳುತ್ತದೆ, ‘ಎನ್‌ಎಸ್‌ಟಿ’ ಎಂದು ತೆರೆದರೆ ನಿಂತಲ್ಲೇ ನಿಲ್ಲುತ್ತದೆ. ಒಂದಕ್ಷರ ಬಿಟ್ಟುಹೋದರೆ ನಿನ್ನೆಯ ಬ್ಯಾಕಪ್ ಮೇಲೆ ಇಂದಿನದು ಬಂದು ಕೂರುತ್ತದೆ.

2000ದ ದಶಕದಲ್ಲಿ ಡಿಸ್ಕು ಅಗ್ಗವಾಯಿತು. ಡಿಸ್ಕನ್ನೇ ಟೇಪಿನಂತೆ ತೋರಿಸುವ ಕಾಲ್ಪನಿಕ ಭಂಡಾರಗಳು ಪ್ರತಿ ಸರ್ವರಿಗೂ ‘ಸ್ವಂತ’ ಡ್ರೈವ್ ಒದಗಿಸಿದ್ದರಿಂದ ಹಂಚಿಕೆಯ ಒತ್ತಡ ಇಳಿಯಿತು. ಟೇಪು ಹೋಗಲಿಲ್ಲ. 2011ರ ಫೆಬ್ರವರಿಯಲ್ಲಿ ತಂತ್ರಾಂಶದ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಶೇ. 0.02ರಷ್ಟು ಮಂದಿಯ ಅಂಚೆ ಕಾಣೆಯಾದಾಗ ಗೂಗಲ್ ಅದನ್ನು ಮರಳಿ ತಂದದ್ದು ಟೇಪಿನಿಂದ. 2000ದಲ್ಲಿ 100 ಗಿಗಾಬೈಟ್ ಹಿಡಿಯುತ್ತಿದ್ದ ಎಲ್‌ಟಿಒ ಮಾನಕದ ಟೇಪ್ ಕಾರ್ಟ್ರಿಜ್, 2021ರ ಒಂಬತ್ತನೇ ಪೀಳಿಗೆಗೆ 18 ಟೆರಾಬೈಟ್ ಮುಟ್ಟಿತು.

ಹಂಚಿಕೆ ಇಂದು ದೊಡ್ಡ ಪ್ರಮಾಣದಲ್ಲಿ ಕಾಣುವ ಜಾಗಗಳಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಒಂದು. ಅಲ್ಲಿನ ಕ್ಯಾಸ್ಟರ್ ಎಂಬ ಹಳೆಯ ಟೇಪ್ ಸಂಗ್ರಹ ವ್ಯವಸ್ಥೆಯಲ್ಲಿ ಯಾವ ಕೆಲಸಕ್ಕೆ ಯಾವ ಡ್ರೈವ್ ಎಂದು ಹಂಚುವ ಒಂದು ಕೇಂದ್ರ ತಂತ್ರಾಂಶವಿತ್ತು. 2020ರಿಂದ ಬಳಕೆಗೆ ಬಂದ ಸಿಟಿಎ ವ್ಯವಸ್ಥೆಯಲ್ಲಿ ಆ ಹಂಚುವವನಿಲ್ಲ. ಕೆಲಸಗಳು ಸರದಿಯಲ್ಲಿ ಕಾಯುತ್ತವೆ. ಬಿಡುವಾದ ಡ್ರೈವಿನ ಸರ್ವರ್ ತಾನೇ ಬಂದು ಮುಂದಿನ ಕೆಲಸವನ್ನು ಎತ್ತಿಕೊಳ್ಳುತ್ತದೆ.