ಎಂಜಿನ್ ಇಳಿಸಲು ಕಲಿಸಿದ ಪುಸ್ತಕ

1969ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಿಂದ ಒಂದು ಪುಸ್ತಕ ಹೊರಬಂತು. ‘ಹೌ ಟು ಕೀಪ್ ಯುವರ್ ಫೋಕ್ಸ್‌ವ್ಯಾಗನ್ ಅಲೈವ್’ ಎಂದು ಅದರ ಹೆಸರು. ನಿಮ್ಮ ಫೋಕ್ಸ್‌ವ್ಯಾಗನ್ ಕಾರಿನ ಜೀವ ಉಳಿಸಿಕೊಳ್ಳುವುದು ಹೇಗೆ ಎಂದರ್ಥ. ಇದು ಪರಿಪೂರ್ಣ ದಡ್ಡರಿಗಾಗಿ ಬರೆದ ಕೈಪಿಡಿ ಎಂದು ಉಪಶೀರ್ಷಿಕೆಯೇ ಸಾರಿತ್ತು. ಆ ‘ಕಂಪ್ಲೀಟ್’ ಎಂಬ ಪದವನ್ನು ಹಳೆಯ ಇಂಗ್ಲಿಷಿನ ಕಾಗುಣಿತದಲ್ಲಿ ಅಚ್ಚು ಹಾಕಿದ್ದರು. 1653ರಲ್ಲಿ ಐಸಾಕ್ ವಾಲ್ಟನ್ ಗಾಳ ಹಾಕಿ ಮೀನು ಹಿಡಿಯುವುದರ ಬಗ್ಗೆ ಬರೆದ ಪ್ರಸಿದ್ಧ ಗ್ರಂಥದ ಹೆಸರಿನಲ್ಲೂ ಇದೇ ಕಾಗುಣಿತವಿದೆ. ಬರೆದವನು ಜಾನ್ ಮ್ಯೂರ್, ಎಂಜಿನಿಯರ್ ಉದ್ಯೋಗ ಬಿಟ್ಟು ಬಂದಿದ್ದ ಮನುಷ್ಯ. ಚಿತ್ರಗಳು ಪೀಟರ್ ಆಶ್ವಾಂಡೆನ್‌ನವು. ಪ್ರಕಾಶನವೂ ಮ್ಯೂರ್‌ನದೇ. ಈ ಪುಸ್ತಕ ಮುಂದೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು.

ರಿಪೇರಿ ಪುಸ್ತಕಕ್ಕೂ ಸಾಹಿತ್ಯಕ್ಕೂ ಏನು ನಂಟು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಹುಡುಕುವ ಮೊದಲು ಆ ಕಾರಿನ ಪೂರ್ವಜನ್ಮವನ್ನು ಸ್ವಲ್ಪ ನೋಡಬೇಕು.

ಬೀಟಲ್ ಹುಟ್ಟಿದ್ದು ಹಿಟ್ಲರನ ಜರ್ಮನಿಯಲ್ಲಿ. ಜನಸಾಮಾನ್ಯರಿಗೊಂದು ಕಾರು ಎಂಬ ಘೋಷಣೆಯ ಅಡಿಯಲ್ಲಿ ಫರ್ಡಿನಂಡ್ ಪೋರ್ಷೆ ಅದನ್ನು ರೂಪಿಸಿದ. 1938ರಲ್ಲಿ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ವಾರಕ್ಕೆ ಐದು ಮಾರ್ಕಿನಂತೆ ಚೀಟಿ ಅಂಟಿಸುತ್ತಾ ಹೋದರೆ ಕೊನೆಗೊಂದು ಕಾರು ನಿಮ್ಮದಾಗುತ್ತದೆ ಎಂದು ಸರ್ಕಾರ ಜನರನ್ನು ನಂಬಿಸಿತು. ಮೂರು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು. ಯುದ್ಧ ಶುರುವಾಯಿತು, ಅವರಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ. ಕಾರ್ಖಾನೆ ಸೇನೆಗೆ ವಾಹನ ಮಾಡಿಕೊಟ್ಟಿತು. ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಬಲವಂತವಾಗಿ ಹಿಡಿದು ತಂದ ಪರದೇಶದ ಕೂಲಿಗಳು ಮತ್ತು ಕೈದಿಗಳು. 1945ರಲ್ಲಿ ಜರ್ಮನಿ ಸೋತ ಮೇಲೆ ಐವನ್ ಹರ್ಸ್ಟ್ ಎಂಬ ಬ್ರಿಟಿಷ್ ಮೇಜರ್ ಆ ಪಾಳುಬಿದ್ದ ಕಾರ್ಖಾನೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ. ಬ್ರಿಟಿಷ್ ಸೇನೆ 20,000 ಕಾರುಗಳಿಗೆ ಬೇಡಿಕೆ ಇಟ್ಟಿತು.

1949ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಬೀಟಲ್‌ಗಳು ಎರಡೇ ಎರಡು. 1968ರ ಹೊತ್ತಿಗೆ ಒಂದೇ ವರ್ಷದಲ್ಲಿ ನಾಲ್ಕು ಲಕ್ಷ ದಾಟಿತು. ಹಿಟ್ಲರನ ಕಾರು ಯುದ್ಧವನ್ನು ವಿರೋಧಿಸುವ ಹಿಪ್ಪಿ ಹುಡುಗ ಹುಡುಗಿಯರ ಕಾರಾಯಿತು. ಇದಕ್ಕಿಂತ ದೊಡ್ಡ ವ್ಯಂಗ್ಯವನ್ನು ಯಾವ ಕಾದಂಬರಿಕಾರನೂ ಕಟ್ಟಲಾರ. ಅವರಿಗೆ ಅದು ಒಪ್ಪಿಗೆಯಾದದ್ದಕ್ಕೆ ಕಾರಣವೂ ಸರಳವಾಗಿತ್ತು. ಹಳೆಯ ಬೀಟಲ್ ಅಗ್ಗಕ್ಕೆ ಸಿಗುತ್ತಿತ್ತು, ಕೆಟ್ಟರೆ ಕೈಯಿಂದಲೇ ಸರಿಪಡಿಸಬಹುದಿತ್ತು.

ಕೈಯಿಂದಲೇ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರಿನ ಎಂಜಿನ್ ಸವೆದಾಗ ನಮ್ಮ ಮೆಕ್ಯಾನಿಕ್‌ಗಳು ‘ಬೋರಿಗೆ ಬಂದಿದೆ’ ಎನ್ನುತ್ತಾರೆ. ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ ಸವೆದು ಸಂದು ಹೆಚ್ಚಾಗಿರುತ್ತದೆ. ಆಯಿಲ್ ಮೇಲೇರಿ ಉರಿಯುತ್ತದೆ, ಹೊಗೆ ನೀಲಿಯಾಗುತ್ತದೆ. ಅಂಬಾಸಿಡರ್‌ನಂಥ ಕಾರಿನಲ್ಲಿ ನಾಲ್ಕೂ ಸಿಲಿಂಡರುಗಳು ಒಂದೇ ಎರಕದ ಕಬ್ಬಿಣದ ಗಟ್ಟಿಯೊಳಗಿರುತ್ತವೆ. ಆ ಗಟ್ಟಿಯನ್ನು ಹೊತ್ತು ಬೋರಿಂಗ್ ಮೆಷಿನ್ ಇರುವ ಕಡೆ ಒಯ್ಯಬೇಕು. ಅಲ್ಲಿ ಒಳಗೋಡೆಯನ್ನು ಕೊರೆಸಿ, ದೊಡ್ಡ ಅಳತೆಯ ಪಿಸ್ಟನ್ ಕೂರಿಸಬೇಕು. ಮನೆಯ ಅಂಗಳದಲ್ಲಿ ಮುಗಿಯುವ ಕೆಲಸ ಅದಲ್ಲ.

ಬೀಟಲ್‌ನದು ಬೇರೆಯೇ ಕಟ್ಟೋಣ. ಅದರಲ್ಲಿ ರೇಡಿಯೇಟರ್ ಇಲ್ಲ, ನೀರಿಲ್ಲ, ಫ್ಯಾನಿನ ಗಾಳಿಯೇ ಎಂಜಿನನ್ನು ತಣಿಸುತ್ತದೆ. ಹಿಂಬದಿಯಲ್ಲಿರುವ ಎಂಜಿನ್ ಗೇರ್‌ಬಾಕ್ಸಿಗೆ ನಾಲ್ಕೇ ಬೋಲ್ಟುಗಳಿಂದ ಅಂಟಿಕೊಂಡಿರುತ್ತದೆ. ವೈರು, ಕೇಬಲ್ಲು, ಪೆಟ್ರೋಲ್ ಪೈಪು ಕಳಚಿ, ಆ ನಾಲ್ಕನ್ನು ಬಿಚ್ಚಿ, ಕೆಳಗೆ ಜಾಕ್ ಕೊಟ್ಟರೆ ಸುಮಾರು ನೂರು ಕಿಲೋ ತೂಕದ ಎಂಜಿನ್ ನೆಲಕ್ಕಿಳಿಯುತ್ತದೆ. ಸಿಲಿಂಡರುಗಳು ನಾಲ್ಕು ಬಿಡಿ ಲೋಟಗಳಂತಿವೆ. ಸವೆದರೆ ಕೊರೆಸುವ ಗೋಜಿಲ್ಲ, ಹೊಸ ಸಿಲಿಂಡರು ಪಿಸ್ಟನ್ನುಗಳ ಸೆಟ್ಟು ತಂದು ಹಾಕಿದರಾಯಿತು. ಕ್ರ್ಯಾಂಕ್‌ಶಾಫ್ಟ್ ಸವೆದಿದ್ದರೆ ಮಾತ್ರ ಗ್ರೈಂಡಿಂಗ್ ಅಂಗಡಿಯ ಮೊರೆಹೋಗಬೇಕು. ಮಿಕ್ಕದ್ದೆಲ್ಲ ತಾಳ್ಮೆಯಿರುವವರ ಕೈಗೆ ಎಟುಕುವ ಕೆಲಸ.

ಆ ಎಂಜಿನ್ನಿಗೆ ತನ್ನದೇ ಕಾಯಿಲೆಯೂ ಇತ್ತು. ಆಯಿಲ್ ತಣಿಸುವ ಕೂಲರ್ ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡ ನಿಂತಿರುತ್ತಿತ್ತು. ಹೀಗಾಗಿ ಆ ಸಿಲಿಂಡರು ಉಳಿದವುಗಳಿಗಿಂತ ಹೆಚ್ಚು ಕಾಯುತ್ತಿತ್ತು, ಅದರ ಎಕ್ಸಾಸ್ಟ್ ವಾಲ್ವ್ ಮುರಿದು ಎಂಜಿನ್ ಹಾಳಾಗುವುದಿತ್ತು. 1971ರ ಮಾಡೆಲ್ಲಿನಲ್ಲಿ ಕಂಪನಿ ಕೂಲರಿನ ಜಾಗ ಬದಲಿಸಿತು. ಅಲ್ಲಿಯವರೆಗೆ ಕಾರಿನ ಒಡೆಯರಿಗೆ ಇದ್ದ ರಕ್ಷಣೆ ಎಂದರೆ ಕ್ರಮ ತಪ್ಪದೆ ವಾಲ್ವಿನ ಸಂದು ಅಳೆದು ಸರಿಪಡಿಸಿಕೊಳ್ಳುವುದು. ಒಂದು ಇಂಚಿನ ಸಾವಿರದ ನಾಲ್ಕು ಅಥವಾ ಆರು ಭಾಗದಷ್ಟು ಸಂದು ಅದು. ಅಷ್ಟು ಸಣ್ಣ ಅಳತೆಯನ್ನು ಗಮನಿಸದೆ ಬಿಟ್ಟರೆ ಇಡೀ ಎಂಜಿನ್ ಕೈಬಿಟ್ಟು ಹೋಗಬಹುದಿತ್ತು.

ಮ್ಯೂರ್ ಬರೆದದ್ದು ಈ ಅಳತೆಯ ಬಗ್ಗೆ, ಅದರ ಜೊತೆಗೆ ಅದನ್ನು ಅಳೆಯುವ ಮನುಷ್ಯರ ಭಯದ ಬಗ್ಗೆ. ಕಂಪನಿಯ ಕೈಪಿಡಿಗಳು ಮೆಕ್ಯಾನಿಕ್‌ಗಾಗಿ ಬರೆದವು. ಅವುಗಳಲ್ಲಿ ಭಾಗದ ಹೆಸರು, ಅಂಕಿ, ನಕ್ಷೆ ಇರುತ್ತವೆ, ಓದುವವರು ಮಾತ್ರ ಇರುವುದಿಲ್ಲ. ಮ್ಯೂರ್‌ನ ಪುಸ್ತಕದಲ್ಲಿ ಓದುವವರು ಪುಟಪುಟದಲ್ಲೂ ಇದ್ದಾರೆ. ಕೆಲಸ ಶುರು ಮಾಡುವ ಮೊದಲು ಅಧ್ಯಾಯವನ್ನು ಪೂರ್ತಿ ಓದಿ ಎನ್ನುತ್ತಾನೆ. ಎಲ್ಲ ಸಲಕರಣೆಗಳನ್ನೂ ಒಮ್ಮೆಗೇ ಕೊಳ್ಳಬೇಡಿ ಎಂದು ಅವನ್ನು ಹಂತಹಂತವಾಗಿ ವಿಂಗಡಿಸುತ್ತಾನೆ. ಸದ್ದು ಕೇಳಿಸಿಕೊಳ್ಳುವುದನ್ನು, ವಾಸನೆ ಹಿಡಿಯುವುದನ್ನು ಹೇಳಿಕೊಡುತ್ತಾನೆ. ನಮ್ಮ ‘ಕರ್ಮ’ ಎಂಬ ಪದವನ್ನೂ ಎರವಲು ತಂದು ಕಾರಿಗೆ ಅನ್ವಯಿಸುತ್ತಾನೆ. ‘ದಡ್ಡ’ ಎಂಬ ಮಾತು ಇಲ್ಲಿ ಬೈಗುಳವಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡವರಿಗೆ ಮಾತ್ರ ಒಳಗೆ ಬರಲು ಜಾಗವಿದೆ ಎನ್ನುವ ಆಹ್ವಾನ. ಆ ಹೆಸರಿನ ಮಾದರಿಯನ್ನು ಕಂಪ್ಯೂಟರ್ ಪುಸ್ತಕಗಳು ಹಿಡಿದದ್ದು 1990ರ ದಶಕದಲ್ಲಿ.

ಐದು ವರ್ಷದ ನಂತರ, 1974ರಲ್ಲಿ, ರಾಬರ್ಟ್ ಪಿರ್ಸಿಗ್‌ನ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನನ್ಸ್’ ಬಂತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ತತ್ವಶಾಸ್ತ್ರ ಓದಿದ್ದ ಪಿರ್ಸಿಗ್, ಯಂತ್ರವನ್ನು ಮುಟ್ಟಲು ಹೇಸುವ ಸುಶಿಕ್ಷಿತ ಮನಸ್ಸನ್ನು ಅದರಲ್ಲಿ ಪರೀಕ್ಷಿಸಿದ. ಸಡಿಲವಾದ ಹ್ಯಾಂಡಲ್ಲಿಗೆ ಬಿಯರ್ ಡಬ್ಬಿಯ ತಗಡು ಕತ್ತರಿಸಿ ಹಾಕೋಣ ಎಂದರೆ, ದುಬಾರಿ ಬೈಕಿನ ಒಡೆಯನಾದ ಗೆಳೆಯನಿಗೆ ಅವಮಾನವಾಗುತ್ತದೆ. ಆ ಪ್ರಸಂಗವನ್ನು ಓದಿದವರು ಮರೆಯುವುದಿಲ್ಲ. ಪಿರ್ಸಿಗ್ ತತ್ವಶಾಸ್ತ್ರಜ್ಞನಾಗಿ ಪ್ರಸಿದ್ಧನಾದ, ಮ್ಯೂರ್ 1977ರಲ್ಲಿ ತೀರಿಕೊಂಡ. ಮ್ಯೂರ್‌ನ ಪುಸ್ತಕದ ಪ್ರತಿಗಳು ಗ್ರೀಸ್ ಮೆತ್ತಿಕೊಂಡು ಶೆಡ್ಡುಗಳಲ್ಲೇ ಉಳಿದವು. ಎರಡೂ ಕೇಳುತ್ತಿದ್ದ ಪ್ರಶ್ನೆ ಮಾತ್ರ ಒಂದೇ: ನಾವು ದಿನವೂ ನಂಬಿ ಕೂರುವ ಯಂತ್ರದ ಒಳಗನ್ನು ತಿಳಿಯುವ ಹೊಣೆ ಯಾರದು?

ಈ ಪ್ರಶ್ನೆಯನ್ನು ನಮ್ಮಲ್ಲಿಗೆ ತಂದರೆ ಉತ್ತರ ಬೇರೆಯಾಗುತ್ತದೆ. ಅಮೆರಿಕದಲ್ಲಿ ಮೆಕ್ಯಾನಿಕ್‌ನ ಕೂಲಿ ದುಬಾರಿ, ಹಾಗಾಗಿ ಕಾಸಿಲ್ಲದವರು ತಾವೇ ಪಾನ ಹಿಡಿದರು. ಇಲ್ಲಿ ಕೂಲಿ ಅಗ್ಗ. ಕಾರಿನ ಒಡೆಯರು ಶೆಡ್ಡಿನ ಹೊರಗೆ ಸ್ಟೂಲಿನ ಮೇಲೆ ಕೂತು ಟೀ ಕುಡಿದರು. ಕಾರಿನಡಿ ಮಲಗಿ ಕೈ ಮಸಿ ಮಾಡಿಕೊಂಡವನು ಶಾಲೆ ಬಿಟ್ಟ ಹುಡುಗ. ಅಂಬಾಸಿಡರ್ 2014ರವರೆಗೂ ತಯಾರಾಯಿತು. ಅಷ್ಟು ದಶಕ ಅದನ್ನು ಓಡಿಸಿದ್ದು ಇಂಥ ಶೆಡ್ಡುಗಳ ಜ್ಞಾನ. ‘ಹೆಡ್ ಬಿಚ್ಚು’, ‘ಎಂಜಿನ್ ಇಳಿಸು’, ‘ರಿಂಗ್ ಹೋಗಿದೆ’ ಎಂಬ ಕನ್ನಡವನ್ನು ಕಟ್ಟಿದವರೂ ಅವರೇ. ಆ ಜ್ಞಾನ ಗುರುವಿನ ಬೈಗುಳದ ಮೂಲಕ ಕಿವಿಯಿಂದ ಕೈಗೆ ದಾಟಿತು, ಪುಸ್ತಕಕ್ಕೆ ಬಂದದ್ದು ಅಪರೂಪ. ಯಾರು ಬರೆಯಬಲ್ಲರೋ ಅವರು ಮುಟ್ಟಲಿಲ್ಲ, ಯಾರು ಮುಟ್ಟಿದರೋ ಅವರಿಗೆ ಬರೆಯುವ ಅವಕಾಶ ಸಿಗಲಿಲ್ಲ.

ಇವತ್ತು ಆ ಬಾಗಿಲೂ ಮುಚ್ಚುತ್ತಿದೆ. ಹೊಸ ಕಾರಿನ ದೋಷ ಹೇಳುವುದು ಕಿವಿಯಲ್ಲ, ಕಂಪ್ಯೂಟರಿನ ಕೋಡು. ಆ ಮಾಹಿತಿ ಕಂಪನಿಯ ಕೈಯಲ್ಲೇ ಉಳಿಯಬಾರದು ಎಂದು 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಕಾನೂನಿಗೇ ಮತ ಹಾಕಿದರು. ಭಾರತ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇದ್ದವು. ಕಾನೂನು ಮಾಹಿತಿಯನ್ನು ಕೊಡಿಸಬಹುದು. ಅದನ್ನು ಅಂಜುವವರ ಕೈಗೆ ಸ್ಪ್ಯಾನರಿನ ಜೊತೆ ಇಡುವ ಭಾಷೆಯನ್ನು ಮಾತ್ರ ಯಾರಾದರೂ ಬರೆಯಲೇಬೇಕು. ನಮ್ಮ ಶೆಡ್ಡುಗಳಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಹಿರಿಯರು ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಕೂತು ಬರೆದುಕೊಳ್ಳುವವರು ಬೇಕಾಗಿದ್ದಾರೆ.